ಕಾರ್ಪಲ್ ಟನಲ್‌ಗೆ ತೆರೆದ ಶಸ್ತ್ರಚಿಕಿತ್ಸೆಯೋ, ಎಂಡೋಸ್ಕೋಪಿಯೋ?

ನಿಮ್ಮ ತಾಯಿಗೆ 54 ವರ್ಷ, ಎರಡೂ ಕೈಗೆ ಕಾರ್ಪಲ್ ಟನಲ್ ಸಿಂಡ್ರೋಮ್ ಇದೆ, ದಿನವೂ ಮನೆಮಂದಿಗೆಲ್ಲ ರೊಟ್ಟಿ ಬಡಿಯುತ್ತಾರೆ ಎಂದು ಬರೆದಿದ್ದೀರಿ. ಒಬ್ಬ ವೈದ್ಯರು ಅಂಗೈ ಕೊಯ್ದು ಮಾಡುವ ತೆರೆದ ಶಸ್ತ್ರಚಿಕಿತ್ಸೆ ಸಾಕೆಂದಿದ್ದಾರೆ, ಇನ್ನೊಬ್ಬರು ಹೆಚ್ಚು ಖರ್ಚಿನ ಎಂಡೋಸ್ಕೋಪಿಯೇ ಉತ್ತಮವೆಂದಿದ್ದಾರೆ. ಯಾರ ಮಾತು ಕೇಳಬೇಕೆಂಬುದು ನಿಮ್ಮ ಪ್ರಶ್ನೆ. ನಾನು ಶಸ್ತ್ರಚಿಕಿತ್ಸಕನಲ್ಲ, ಫಿಸಿಯೋಥೆರಪಿಸ್ಟ್. ಹೊಲಿಗೆ ಬಿಚ್ಚಿದ ನಂತರ ಎರಡೂ ಬಗೆಯ ಕೈಗಳು ನನ್ನ ಮೇಜಿನ ಮೇಲೆ ಬರುವುದರಿಂದ ಈ ಉತ್ತರ ಬರೆಯುತ್ತಿದ್ದೇನೆ.

ಮಣಿಕಟ್ಟಿನ ಎಂಟು ಸಣ್ಣ ಮೂಳೆಗಳು ಕಮಾನಿನಂತೆ ಜೋಡಿಸಿಕೊಂಡಿದ್ದು, ಅಂಗೈ ಕಡೆಯಿಂದ ಆ ಕಮಾನನ್ನು ಒಂದು ದಪ್ಪ ಅಸ್ಥಿರಜ್ಜು (ಮೂಳೆಗಳನ್ನು ಬಿಗಿದು ಹಿಡಿಯುವ ನಾರಿನ ಕಟ್ಟು) ಮುಚ್ಚಿರುತ್ತದೆ. ಬೆರಳು ಮಡಚುವ ಒಂಬತ್ತು ಸ್ನಾಯುರಜ್ಜುಗಳೂ ಮೀಡಿಯನ್ ನರವೂ ಕಾರ್ಪಲ್ ಟನಲ್ ಎಂಬ ಈ ಇಕ್ಕಟ್ಟಿನೊಳಗೇ ಹಾದುಹೋಗಬೇಕು. ಒಳಗಿನ ಒತ್ತಡ ಹೆಚ್ಚಾದಾಗ ನರ ನಲುಗಿ, ನಡುರಾತ್ರಿ ಬೆರಳು ಜೋಮು ಹಿಡಿದು, ಕೈ ಕೊಡವಿಕೊಂಡು ಏಳುವಂತಾಗುತ್ತದೆ. ಎರಡೂ ವಿಧಾನಗಳಲ್ಲಿ ಕತ್ತರಿಸುವುದು ಇದೇ ಅಸ್ಥಿರಜ್ಜನ್ನು. ಬೇರೆಯಾಗುವುದು ಅದನ್ನು ತಲುಪುವ ದಾರಿ ಮಾತ್ರ.

ತೆರೆದ ವಿಧಾನದಲ್ಲಿ ಅಂಗೈಯ ಬುಡದಲ್ಲಿ ಮೂರರಿಂದ ಐದು ಸೆಂಟಿಮೀಟರ್ ಕೊಯ್ದು, ನರವನ್ನು ಕಣ್ಣಾರೆ ನೋಡುತ್ತಲೇ ಅಸ್ಥಿರಜ್ಜನ್ನು ಸೀಳುತ್ತಾರೆ. ಈಗ ಅನೇಕರು ಎರಡು ಸೆಂಟಿಮೀಟರಿನಷ್ಟು ಸಣ್ಣ ಗಾಯದಲ್ಲೇ ಇದನ್ನು ಮುಗಿಸುತ್ತಾರೆ; ಕೈಗಷ್ಟೇ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟರೆ ಸಾಕು, ಅಂದೇ ಮನೆಗೆ ಹೋಗಬಹುದು. ಎಂಡೋಸ್ಕೋಪಿಯಲ್ಲಿ ಮಣಿಕಟ್ಟಿನ ಗೆರೆಯ ಹತ್ತಿರ ಒಂದು, ಕೆಲವೊಮ್ಮೆ ಅಂಗೈಯಲ್ಲಿ ಇನ್ನೊಂದು ಸಣ್ಣ ರಂಧ್ರ ಮಾಡಿ, ಕ್ಯಾಮೆರಾ ತೂರಿಸಿ ಒಳಗಿನಿಂದಲೇ ಕತ್ತರಿಸುತ್ತಾರೆ. ಅಂಗೈಯ ಚರ್ಮ, ಅದರಡಿಯ ಕೊಬ್ಬು ಹಾಗೇ ಉಳಿಯುತ್ತವೆ.

ಎರಡನ್ನೂ ಹೋಲಿಸಿದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿದ, ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆಯ ಪರಿಶೀಲನೆಯೊಂದು 2014ರಲ್ಲಿ ಬಂದಿತು. ಜೋಮು, ನೋವು ಕಡಿಮೆಯಾಗುವುದರಲ್ಲಿ ಎರಡಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ, ಎಂಡೋಸ್ಕೋಪಿ ಮಾಡಿಸಿಕೊಂಡವರು ಸರಾಸರಿ ಎಂಟು ದಿನ ಮೊದಲೇ ಕೆಲಸಕ್ಕೆ ಮರಳುತ್ತಾರೆ ಎಂಬುದು ಅದರ ಸಾರ. ಗಾಯದ ತೊಂದರೆಗಳು ತೆರೆದ ವಿಧಾನದಲ್ಲಿ ಹೆಚ್ಚು. ತಾತ್ಕಾಲಿಕವಾಗಿ ನರ ಮಂಕಾಗುವುದು ಎಂಡೋಸ್ಕೋಪಿಯಲ್ಲಿ ಹೆಚ್ಚು. ಆ ಎಂಟು ದಿನಕ್ಕೆ ಎಷ್ಟು ಹಣ ಕೊಡಬಹುದೆಂಬುದು, ನೇರವಾಗಿ ಹೇಳುವುದಾದರೆ, ವೈದ್ಯಕೀಯದ ಪ್ರಶ್ನೆಯಲ್ಲ. ದಿನಗೂಲಿಯವರಿಗೆ ಅದು ದೊಡ್ಡದು; ಮನೆಯಲ್ಲಿ ಮಗ, ಸೊಸೆ ಒಂದು ತಿಂಗಳು ಅಡುಗೆ ನೋಡಿಕೊಳ್ಳುವಂತಿದ್ದರೆ ಅಷ್ಟು ದೊಡ್ಡದಲ್ಲ.

ನಿಮ್ಮ ತಾಯಿಯ ವಿಷಯದಲ್ಲಿ ಮುಖ್ಯವಾದದ್ದು ಗಾಯದ ಕಲೆಯಲ್ಲ, ಅಂಗೈ ಬುಡದ ಎರಡೂ ದಿಬ್ಬಗಳಲ್ಲಿ ಉಳಿಯುವ ನೋವು. ಇದನ್ನು ಪಿಲ್ಲರ್ ಪೇನ್ ಎನ್ನುತ್ತಾರೆ. ಅಸ್ಥಿರಜ್ಜು ಎಲ್ಲಿಂದ ಕತ್ತರಿಸಿದರೂ ಕತ್ತರಿಸಿದಂತೆಯೇ ಆದ್ದರಿಂದ ಇದು ಎರಡೂ ವಿಧಾನಗಳಲ್ಲಿ ಬರುತ್ತದೆ, ಸಾಮಾನ್ಯವಾಗಿ ಮೂರು ತಿಂಗಳು, ಕೆಲವರಲ್ಲಿ ಆರು ತಿಂಗಳವರೆಗೂ ಕಾಡುತ್ತದೆ. ನನ್ನ ಬಳಿ ಬಂದಿದ್ದ ಹೆಂಗಸೊಬ್ಬರು ಹೊಲಿಗೆ ಬಿಚ್ಚಿದ ಮೂರನೆಯ ವಾರಕ್ಕೇ ಜೋಳದ ಹಿಟ್ಟು ನಾದಲು ಕೂತಿದ್ದರು. ಬೆರಳುಗಳಿಗೆ ಏನೂ ಆಗಲಿಲ್ಲ. ಮುದ್ದೆಯನ್ನು ಅಂಗೈ ಬುಡದಿಂದ ಒತ್ತಿದ ಕೂಡಲೇ ಕೈ ತಾನಾಗಿಯೇ ಹಿಂದೆ ಸರಿಯಿತಂತೆ. ಅವರಿಗೆ ಆಗಿದ್ದದ್ದು ಎಂಡೋಸ್ಕೋಪಿಯೇ. ನೆಲಕ್ಕೆ ಕೈಯೂರಿ ಏಳುವುದು, ಒದ್ದೆ ಬಟ್ಟೆ ಹಿಂಡುವುದು ಕೂಡ ಇದೇ ಜಾಗವನ್ನು ಕೆಣಕುತ್ತವೆ.

ಈ ಹಿಂದೆ ಅದೇ ಕೈಗೆ ಶಸ್ತ್ರಚಿಕಿತ್ಸೆಯಾಗಿದ್ದರೆ, ಕೀಲುವಾತದಿಂದ ಮಣಿಕಟ್ಟಿನೊಳಗೆ ಊತವಿದ್ದರೆ, ಗಂಟೇನಾದರೂ ಕಂಡಿದ್ದರೆ, ಅಥವಾ ಮಣಿಕಟ್ಟು ಹಿಂದಕ್ಕೆ ಬಾಗದಷ್ಟು ಬಿಗಿದಿದ್ದರೆ ಎಂಡೋಸ್ಕೋಪಿಯ ಮಾತೇ ಬೇಡ.

ಚಿಕಿತ್ಸೆಯ ನಂತರವೂ ಜೋಮು ಹೋಗದೆ ಮರಳಿ ಬರುವವರಲ್ಲಿ ಹೆಚ್ಚಾಗಿ ಕಾಣುವ ಕಾರಣ, ಅಸ್ಥಿರಜ್ಜು ಪೂರ್ತಿ ಬಿಡಿಸಿರದೇ ಇರುವುದು. ಹಾಗಾಗಿ ಇಬ್ಬರು ವೈದ್ಯರನ್ನೂ ಒಂದೇ ಪ್ರಶ್ನೆ ಕೇಳಿ: ನೀವು ಹೇಳುತ್ತಿರುವ ವಿಧಾನವನ್ನು ತಿಂಗಳಿಗೆ ಎಷ್ಟು ಕೈಗಳಿಗೆ ಮಾಡುತ್ತೀರಿ? ಎಂಡೋಸ್ಕೋಪಿ ಹೇಳಿದವರನ್ನು, ಒಳಗೆ ಸ್ಪಷ್ಟವಾಗಿ ಕಾಣದಿದ್ದರೆ ಅಲ್ಲೇ ತೆರೆದ ವಿಧಾನಕ್ಕೆ ಬದಲಾಯಿಸುತ್ತೀರಾ ಎಂದೂ ಕೇಳಿ. ಹಿಂಜರಿಯದೆ ಹೌದೆನ್ನುವವರು ನನಗೆ ಹಿಡಿಸುತ್ತಾರೆ.

ಇನ್ನೊಂದು, ಹೆಬ್ಬೆರಳ ಬುಡದ ಮಾಂಸ ಇಳಿದಿದೆಯೇ ಎಂದು ಎರಡೂ ಅಂಗೈಗಳನ್ನು ಬೆಳಕಿನಲ್ಲಿ ಅಕ್ಕಪಕ್ಕ ಇಟ್ಟು ನೋಡಿ. ಇಳಿದಿದ್ದರೆ, ಹಗಲೂ ಜೋಮು ಬಿಡುತ್ತಿಲ್ಲವಾದರೆ, ವಿಧಾನ ಆರಿಸುತ್ತ ತಿಂಗಳುಗಟ್ಟಲೆ ಕಳೆಯಬೇಡಿ. ಆ ಹಂತದಲ್ಲಿ ನರ ಪೂರ್ತಿ ಚೇತರಿಸಿಕೊಳ್ಳುತ್ತದೆಂದು ಯಾರೂ ಮಾತು ಕೊಡಲಾರರು. ಸಕ್ಕರೆ, ಥೈರಾಯ್ಡ್ ಪರೀಕ್ಷೆ ಆಗಿರದಿದ್ದರೆ ಮೊದಲು ಅದನ್ನು ಮಾಡಿಸಿ.

ನನ್ನ ಮನೆಯವರಾಗಿದ್ದರೆ, ಅನುಭವಿ ಕೈಯಿಂದ ಸಣ್ಣ ಗಾಯದ ತೆರೆದ ಶಸ್ತ್ರಚಿಕಿತ್ಸೆಯನ್ನೇ ಮಾಡಿಸುತ್ತಿದ್ದೆ. ಎರಡೂ ಕೈಗೆ ಒಟ್ಟಿಗೆ ಬೇಡ. ಊಟಕ್ಕೆ ಬಲಗೈ, ಶೌಚಕ್ಕೆ ಎಡಗೈ ಎಂದು ಬದುಕುವ ನಮಗೆ ಎರಡೂ ಪಟ್ಟಿಯೊಳಗಿದ್ದರೆ ಆಗುವ ಫಜೀತಿ ಹೇಳತೀರದು. ಹೆಚ್ಚು ಜೋಮು ಹಿಡಿಯುವ ಕೈ ಮೊದಲು, ಸುಮಾರು ಆರು ವಾರದ ನಂತರ ಇನ್ನೊಂದು. ಬೆರಳುಗಳನ್ನು ಶಸ್ತ್ರಚಿಕಿತ್ಸೆಯಾದ ದಿನದಿಂದಲೇ ಆಡಿಸಲಿ, ಹಿಟ್ಟು ನಾದುವುದನ್ನು ಮಾತ್ರ ಸದ್ಯಕ್ಕೆ ಇನ್ನೊಬ್ಬರಿಗೆ ಬಿಡಲಿ.