ಕಣ್ಣು ತೆರೆದೇ ಕೂರಿ

ಪ್ರಶ್ನೆ: ಎರಡು ವರ್ಷದ ಹಿಂದೆ ನಾನಿದ್ದ ಬಸ್ಸು ಘಾಟಿ ರಸ್ತೆಯಲ್ಲಿ ಮಗುಚಿತು. ಗಾಯ ಮಾಯಿತು. ಆದರೆ ಈಗಲೂ ಹಾರ್ನ್ ಕೇಳಿದರೆ ಎದೆ ಡವಗುಟ್ಟುತ್ತದೆ, ರಾತ್ರಿ ಬೆಚ್ಚಿ ಏಳುತ್ತೇನೆ. ಯಜಮಾನರು ‘ಮನಸ್ಸು ಗಟ್ಟಿ ಮಾಡ್ಕೋ, ದಿನಾ ಅರ್ಧ ಗಂಟೆ ಧ್ಯಾನಕ್ಕೆ ಕೂತ್ಕೋ’ ಅನ್ನುತ್ತಾರೆ. ಕಣ್ಣು ಮುಚ್ಚಿದರೆ ಬಸ್ಸೇ ಕಾಣುತ್ತದೆ, ಜೋರಾಗಿ ಉಸಿರಾಡಿದರೆ ಬೆರಳು ಜುಮ್ಮೆನ್ನುತ್ತದೆ. ಇದು ನನ್ನದೇ ದೌರ್ಬಲ್ಯವೇ?
– ಓದುಗರೊಬ್ಬರು, ಹಾಸನ ಜಿಲ್ಲೆ

ಉತ್ತರ: ಇಲ್ಲ ತಾಯಿ, ದೌರ್ಬಲ್ಯವಲ್ಲ. ಆ ಮಾತನ್ನು ನಿಮ್ಮ ಬಗ್ಗೆ ನೀವೇ ಬರೆದುಕೊಂಡಿರುವುದಕ್ಕೆ ನಮ್ಮ ತಕರಾರಿದೆ. ಧ್ಯಾನದಿಂದ ಎಷ್ಟೋ ಜನರಿಗೆ ನೆಮ್ಮದಿ ಸಿಕ್ಕಿದೆ, ನಿಮ್ಮ ಯಜಮಾನರು ಒಳ್ಳೆಯದಕ್ಕೇ ಹೇಳಿದ್ದಾರೆ, ಒಪ್ಪೋಣ. ಆದರೆ ಆಘಾತ ಕಂಡವರನ್ನು ಕಣ್ಣು ಮುಚ್ಚಿಸಿ, ಅಲುಗಾಡದಂತೆ ಅರ್ಧ ಗಂಟೆ ಕೂರಿಸುವುದು ಮೊದಲ ಪಾಠವಲ್ಲ. ಅಪಾಯ ಯಾವ ಕಡೆಯಿಂದ ಬಂದೀತೋ ಎಂದು ಕಾವಲು ಕಾಯುತ್ತಿರುವ ನರಮಂಡಲಕ್ಕೆ ಬೆಳಕು, ಗೋಡೆ, ಬಾಗಿಲು ಯಾವುದೂ ಕಾಣದಂತೆ ಮಾಡಿದರೆ ಎದುರಿಗೆ ಉಳಿಯುವುದು ಆ ನೆನಪೊಂದೇ.

ಬೆರಳು ಜುಮ್ಮೆನ್ನುವುದಕ್ಕೂ ಕಾರಣವಿದೆ. ಬಿರುಸಾಗಿ ಉಸಿರಾಡಿದಾಗ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ತೀರಾ ಕೆಳಗಿಳಿಯುತ್ತದೆ. ತಲೆ ತಿರುಗುತ್ತದೆ, ತುಟಿ, ಬೆರಳು ಜುಮ್ಮೆನ್ನುತ್ತವೆ, ಎದೆ ಬಿಗಿಯುತ್ತದೆ. ಗಾಬರಿಯಾದಾಗ ಆಗುವುದೂ ಇದೇ ಆದ್ದರಿಂದ ಮಿದುಳು ಮತ್ತಷ್ಟು ಹೆದರುತ್ತದೆ. ಬಿರುಸಾಗಿ ಉಸಿರಾಡುವ ಕಪಾಲಭಾತಿ, ಭಸ್ತ್ರಿಕಾ, ಉಸಿರು ಕಟ್ಟಿ ಹಿಡಿಯುವ ಕುಂಭಕ ಮೂರನ್ನೂ ಸದ್ಯಕ್ಕೆ ಬಿಡಿ.

ಬೆನ್ನಿಗೆ ಗೋಡೆ ಇರುವಂತೆ, ಕಣ್ಣಿಗೆ ಬಾಗಿಲು ಕಾಣುವಂತೆ ಕುರ್ಚಿ ಹಾಕಿಕೊಳ್ಳಿ. ಪಾದ ಪೂರ್ತಿ ನೆಲಕ್ಕೆ ತಾಗಲಿ, ಕಣ್ಣು ತೆರೆದೇ ಇರಲಿ. ಕತ್ತನ್ನು ನಿಧಾನವಾಗಿ ಆಚೀಚೆ ತಿರುಗಿಸುತ್ತಾ ಕಂಡ 5 ವಸ್ತುಗಳ ಹೆಸರನ್ನು ಬಾಯಿಬಿಟ್ಟು ಹೇಳಿ: ಕ್ಯಾಲೆಂಡರ್, ಫ್ಯಾನು, ನೀರಿನ ಚೊಂಬು, ಹೀಗೆ. ಇವತ್ತಿನ ವಾರ, ತಾರೀಕನ್ನೂ ಹೇಳಿ. ಉಸಿರಿನ ಮಾತು ಆಮೇಲೆ. ಮೂಗಿನಿಂದ 4 ಎಣಿಸುವಷ್ಟು ಹೊತ್ತು ಎಳೆದು, 6 ಎಣಿಸುವಷ್ಟು ಹೊತ್ತು ಬಿಡಿ; ಎದೆ ಉಬ್ಬಿಸಬೇಡಿ, ಮಾಮೂಲಿನಷ್ಟು ಗಾಳಿಯೇ ಸಾಕು. ಉಸಿರು ಬಿಡುವಾಗ, ಮಿದುಳಿನಿಂದ ಹೃದಯಕ್ಕೆ ಇಳಿದು ಬರುವ ವೇಗಸ್ ನರದ ಪ್ರಭಾವದಿಂದ ಹೃದಯದ ಬಡಿತ ತುಸು ನಿಧಾನವಾಗುತ್ತದೆ, ಬಿಡುವ ಉಸಿರು ಉದ್ದವಿರಬೇಕು ಎನ್ನುವುದು ಅದಕ್ಕೇ. 5 ಸಲ ಆಯಿತೇ, ನಿಲ್ಲಿಸಿ. ಜುಮ್ಮೆಂದರೆ ಅದಕ್ಕೂ ಮೊದಲೇ ನಿಲ್ಲಿಸಿ. ಉಸಿರಿನ ಮೇಲೆ ಗಮನವಿಟ್ಟರೇ ಹೆದರಿಕೆಯಾಗುತ್ತದೆ ಅನ್ನುವವರು ಅದರ ತಂಟೆಗೇ ಹೋಗದೆ, ಎರಡೂ ಅಂಗೈಯಿಂದ ಗೋಡೆಯನ್ನು 10 ಸೆಕೆಂಡು ಒತ್ತಿ ಸಡಿಲ ಬಿಡಲಿ, ನಾಲ್ಕೈದು ಸಲ.

ಬೆಳಿಗ್ಗೆ, ಸಂಜೆ ಎರಡು ಮೂರು ನಿಮಿಷ ಸಾಕು, ಅದೂ ಮನಸ್ಸು ತಿಳಿಯಾಗಿರುವಾಗ. ಜನ ಎಡವುವುದು ಇಲ್ಲೇ. ಗಾಬರಿ ನೆತ್ತಿಗೇರಿದ ಮೇಲೆ ಮೊದಲ ಸಲ ಮಾಡಿನೋಡುವುದು ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ. ಫಲ ಕಾಣದೆ ಕೈಬಿಡುತ್ತಾರೆ. ಇನ್ನು ಕೆಲವರು ಸ್ಮಾರ್ಟ್‌ವಾಚಿನಲ್ಲಿ ಗಳಿಗೆಗೊಮ್ಮೆ ನಾಡಿ ನೋಡುತ್ತಾರೆ, ಅದರಿಂದ ಭಯ ಹೆಚ್ಚುತ್ತದೆಯೇ ಹೊರತು ಇಳಿಯುವುದಿಲ್ಲ. ಹಾರ್ನಿಗೆ ಬೆಚ್ಚಲೇಬಾರದು ಎಂಬ ಹಟವೂ ಬೇಡ. ಬೆಚ್ಚಿದ ಮೇಲೆ ಸ್ಥಿಮಿತಕ್ಕೆ ಬರಲು ಅರ್ಧ ಗಂಟೆ ಹಿಡಿಯುತ್ತಿದ್ದುದು 10 ನಿಮಿಷಕ್ಕಿಳಿದರೆ ಸುಧಾರಿಸುತ್ತಿದ್ದೀರಿ ಎಂದೇ ತಿಳಿಯಿರಿ.

ಇದು ತಯಾರಿ ಮಾತ್ರ, ಚಿಕಿತ್ಸೆ ಬೇರೆಯೇ ಇದೆ. ವಿಶ್ವ ಆರೋಗ್ಯ ಸಂಸ್ಥೆಯ 2013ರ ಮಾರ್ಗಸೂಚಿ ಇಂಥ ತೊಂದರೆಗೆ ಸಿಬಿಟಿ (ಹೆದರಿಸುವ ಯೋಚನೆ, ನಡವಳಿಕೆಯನ್ನು ಹಂತ ಹಂತವಾಗಿ ಬದಲಿಸುವುದು) ಮತ್ತು ಇಎಂಡಿಆರ್ (ಆ ನೆನಪನ್ನು ತಂದುಕೊಳ್ಳುತ್ತಾ ಕಣ್ಣನ್ನು ಆಚೀಚೆ ಆಡಿಸುವುದು) ಎಂಬ ಮನೋಚಿಕಿತ್ಸೆಗಳನ್ನು ಶಿಫಾರಸು ಮಾಡುತ್ತದೆ. ಅವಘಡವಾದ ಕೂಡಲೇ ಕೂರಿಸಿಕೊಂಡು ಒಂದೇ ಸಲಕ್ಕೆ ಎಲ್ಲವನ್ನೂ ಹೇಳಿಸುವ ಪದ್ಧತಿ ಬೇಡವೆಂದೂ ಆ ಸಂಸ್ಥೆ ಹೇಳಿದೆ. ಹೀಗಿರುವಾಗ ಎರಡೇ ದಿನದ ಶಿಬಿರದಲ್ಲಿ ‘ನರಮಂಡಲ ರೀಸೆಟ್’ ಮಾಡಿಕೊಡುತ್ತೇವೆಂದು ಹಣ ಕೀಳುವವರನ್ನು ಕಂಡರೆ ನಮಗೆ ಸಿಟ್ಟು ಬರುತ್ತದೆ. ಅಪರಿಚಿತರ ನಡುವೆ ನಿಲ್ಲಿಸಿ ನಡೆದದ್ದನ್ನೆಲ್ಲ ಹೇಳಿಸುತ್ತಾರೆ, ಅತ್ತರೆ ಚಪ್ಪಾಳೆ. ಭಾನುವಾರ ಶಿಬಿರ ಮುಗಿಯಿತು. ಸೋಮವಾರ ರಾತ್ರಿ ನಿದ್ದೆಯಿಲ್ಲದೆ ಒದ್ದಾಡುವವರ ಫೋನು ಎತ್ತುವವರು ಯಾರು?

ಮನಸ್ಸಿನ ಚಿಕಿತ್ಸೆಯನ್ನು ಜಿಲ್ಲೆ, ತಾಲ್ಲೂಕಿಗೆ ಒಯ್ಯಬಹುದು ಎಂದು ನಿಮ್ಹಾನ್ಸ್ 1980ರ ದಶಕದಲ್ಲೇ ಬಳ್ಳಾರಿಯಲ್ಲಿ ಮಾಡಿ ತೋರಿಸಿತು. 1996ರಲ್ಲಿ ಶುರುವಾದ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಇಷ್ಟಾದರೂ ಕೈ ಮುರಿದರೆ ಆಸ್ಪತ್ರೆಗೆ ಓಡುವ ಮನೆಯವರೇ ನಿದ್ದೆ ಕೆಟ್ಟವರಿಗೆ ‘ಗಟ್ಟಿ ಮಾಡ್ಕೋ’ ಅನ್ನುತ್ತಾರೆ. ಹೆಣ್ಣುಮಕ್ಕಳಿಗಂತೂ ಸಹಿಸಿಕೊಂಡಷ್ಟೂ ಒಳ್ಳೆಯ ಹೆಸರು. ಎರಡು ವರ್ಷ ನೀವು ಸಹಿಸಿದ್ದು ಸಾಕು. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿ. ಬಸ್ಸು ಹತ್ತುವುದು ಸದ್ಯಕ್ಕೆ ಕಷ್ಟವಾದರೆ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಇರುತ್ತದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಆಸ್ಪತ್ರೆಗೆ ಹೋಗುವ ದಿನ ಯಜಮಾನರನ್ನೂ ಜೊತೆಗೆ ಕರೆದೊಯ್ಯಿರಿ, ವೈದ್ಯರು ಹೇಳುವುದನ್ನು ಅವರೂ ಕೇಳಿಸಿಕೊಳ್ಳಲಿ.