ಎಂಆರ್‌ಐ ಯಂತ್ರದೊಳಗೆ ವ್ಯಾಯಾಮ ಮಾಡಿಸಿ ಸ್ನಾಯುವನ್ನು ಅಳೆಯುವುದು ಹೇಗೆ?

ಎಂಆರ್‌ಐನಲ್ಲಿ ಅಲುಗಾಡದೆ ಮಲಗಬೇಕಲ್ಲ, ಹಾಗಿದ್ದ ಮೇಲೆ ವ್ಯಾಯಾಮ ಮಾಡುವ ಸ್ನಾಯುವನ್ನು ಅದರಲ್ಲಿ ಹೇಗೆ ನೋಡುತ್ತಾರೆ, ನೋಡಿದರೆ ಏನು ತಿಳಿಯುತ್ತದೆ ಅಂತ ಕೇಳಿದ್ದೀರಿ. ಇದೇ ಅಳತೆಯ ಕೆಲಸವನ್ನು ನಾನು ಕೆಲವು ವರ್ಷ ಮಾಡಿದ್ದೇನೆ. ಈಗಲೂ ನನಗೆ ತುಂಬಾ ಇಷ್ಟದ ವಿಷಯ ಇದು.

ನಾವು ಇಲ್ಲಿ ಚಿತ್ರ ತೆಗೆಯುವುದಿಲ್ಲ. ಮಾಮೂಲಿ ಎಂಆರ್‌ಐ ನೀರು ಮತ್ತು ಕೊಬ್ಬಿನಲ್ಲಿರುವ ಹೈಡ್ರೋಜನ್‌ನ ಸಿಗ್ನಲ್ ಹಿಡಿಯುತ್ತದೆ. ನಮಗೆ ಬೇಕಾದದ್ದು ಫಾಸ್ಫರಸ್‌ನ ಸಿಗ್ನಲ್, ಸ್ನಾಯುವಿಗೆ ಶಕ್ತಿ ಕೊಡುವ ಅಣುಗಳಲ್ಲಿ ಇರುವುದು ಅದೇ. 3 ಟೆಸ್ಲಾ ಕಾಂತಬಲದ ಯಂತ್ರದಲ್ಲಿ ಹೈಡ್ರೋಜನ್ ಸುಮಾರು 128 ಮೆಗಾಹರ್ಟ್ಸ್‌ನಲ್ಲಿ ಸಿಕ್ಕಿದರೆ ಫಾಸ್ಫರಸ್ ಸುಮಾರು 52ರಲ್ಲಿ ಸಿಗುತ್ತದೆ. ರೇಡಿಯೋದಲ್ಲಿ ಸ್ಟೇಷನ್ ಬದಲಿಸಿದ ಹಾಗೆ. ಅದಕ್ಕೆಂದೇ ಸಿಗ್ನಲ್ ಹಿಡಿಯುವ ಬೇರೆ ಕಾಯಿಲ್ (ತಂತಿಯ ಸುರುಳಿ) ಇರುತ್ತದೆ, ಅದನ್ನು ಮೀನಖಂಡಕ್ಕೆ ಒತ್ತಿ ಕಟ್ಟುತ್ತೇವೆ.

ವ್ಯಾಯಾಮ ಅಂದರೆ ಓಟವಲ್ಲ. ಅಂಗಾತ ಮಲಗಿ, ಪಾದದಿಂದ ಒಂದು ಪೆಡಲ್ ಒತ್ತುವುದು, ಬಿಡುವುದು, ಅಷ್ಟೇ. ಪೆಡಲ್ ಪ್ಲಾಸ್ಟಿಕ್‌ನದು ಅಥವಾ ಮರದ್ದು. ಕಬ್ಬಿಣದ ಒಂದು ಸ್ಕ್ರೂ ಕೂಡ ಇರಬಾರದು. ತೊಡೆ, ಮೊಣಕಾಲು ಎಲ್ಲಾ ಬೆಲ್ಟ್ ಹಾಕಿ ಬಿಗಿದಿರುತ್ತೇವೆ. ಕಾಲು ಸ್ವಲ್ಪ ಜರುಗಿದರೂ ಆ ಸಲದ ಅಳತೆ ಕೆಟ್ಟಂತೆಯೇ. ಕೇಳಲು ಸುಲಭ, ಆದರೆ ಮೂರನೇ ನಿಮಿಷಕ್ಕೆ ಮೀನಖಂಡ ಉರಿಯಲು ಶುರುವಾಗುತ್ತದೆ.

ಅಷ್ಟು ಹೊತ್ತೂ ಪರದೆಯ ಮೇಲೆ ಕೆಲವು ಸೆಕೆಂಡಿಗೊಮ್ಮೆ ಹೊಸ ಗೆರೆ ಬರುತ್ತಿರುತ್ತದೆ. ಅದರಲ್ಲಿ ನಾಲ್ಕೈದು ಮೊನೆಗಳು, ಫಾಸ್ಫರಸ್ ಇರುವ ಬೇರೆ ಬೇರೆ ವಸ್ತುಗಳವು. ಎಲ್ಲಕ್ಕಿಂತ ಎತ್ತರದ್ದು ಫಾಸ್ಫೋಕ್ರಿಯಾಟಿನ್, ಅಂದರೆ ಸ್ನಾಯುವಿನ ಶಕ್ತಿಯ ದಾಸ್ತಾನು. ಬಲಗಡೆ ಮೂರು ಮೊನೆ ಎಟಿಪಿಯವು (ಸ್ನಾಯು ನೇರವಾಗಿ ಖರ್ಚು ಮಾಡುವ ಶಕ್ತಿಯ ಅಣು ಇದು), ಎಡಗಡೆ ಪುಟ್ಟದೊಂದು ಬಿಡಿ ಫಾಸ್ಫೇಟ್‌ದು. ಕಾಲು ಒತ್ತುತ್ತಾ ಹೋದಂತೆ ಎತ್ತರದ ಮೊನೆ ಕರಗುತ್ತದೆ, ಎಡಗಡೆಯದು ಬೆಳೆಯುತ್ತದೆ. ಎಟಿಪಿ ಮಾತ್ರ ಹೆಚ್ಚುಕಮ್ಮಿ ಇದ್ದ ಹಾಗೇ ಇರುತ್ತದೆ. ಸ್ನಾಯುವಿನ ಜೋರು ಕೆಲಸಕ್ಕೆ ಅದರಲ್ಲಿರುವ ಎಟಿಪಿ ಒಂದೆರಡು ಸೆಕೆಂಡಿಗಷ್ಟೇ ಸಾಕು, ಆದರೂ ಖಾಲಿಯಾಗುವುದಿಲ್ಲ, ಫಾಸ್ಫೋಕ್ರಿಯಾಟಿನ್ ಅದನ್ನು ತುಂಬುತ್ತಲೇ ಇರುತ್ತದೆ. ಮೊದಲ ಸಲ ಇದನ್ನು ಕಣ್ಣಾರೆ ನೋಡಿದಾಗ ನನಗೆ ಮೈ ಜುಮ್ಮೆಂದಿತ್ತು.

ಬಿಡಿ ಫಾಸ್ಫೇಟ್‌ನ ಮೊನೆ ಬೆಳೆಯುವುದಷ್ಟೇ ಅಲ್ಲ, ಬಲಕ್ಕೂ ಸರಿಯುತ್ತದೆ. ಸ್ನಾಯು ಎಷ್ಟು ಆಮ್ಲೀಯವಾಗಿದೆ ಅನ್ನುವುದು ಆ ದೂರದಿಂದಲೇ ಗೊತ್ತಾಗುತ್ತದೆ. ಸುಮ್ಮನಿದ್ದಾಗ ಪಿಎಚ್ (ಇದು ಇಳಿದಷ್ಟೂ ಆಮ್ಲ ಜಾಸ್ತಿ) 7ರ ಮೇಲೆ ಸ್ವಲ್ಪ, ಚೆನ್ನಾಗಿ ದಣಿದರೆ 6.5ರ ಹತ್ತಿರಕ್ಕೂ ಇಳಿಯುತ್ತದೆ. ಕೆಲವರಲ್ಲಿ ಈ ಮೊನೆ ಎರಡಾಗಿ ಸೀಳುವುದೂ ಉಂಟು. ಬೇರೆ ಬೇರೆ ಬಗೆಯ ಸ್ನಾಯುವಿನ ಎಳೆಗಳಲ್ಲಿ ಆಮ್ಲ ಬೇರೆ ಬೇರೆ ಪ್ರಮಾಣದಲ್ಲಿ ಸೇರಿದಾಗ ಹೀಗಾಗುತ್ತದೆ.

ಈಗ ಮುಖ್ಯ ಮಾತು. ನಮಗೆ ಜಾಸ್ತಿ ಬೇಕಾದದ್ದು ಕಾಲು ನಿಂತ ಮೇಲಿನ ಎರಡು ಮೂರು ನಿಮಿಷ. ಮನೆಯ ಓವರ್‌ಹೆಡ್ ಟ್ಯಾಂಕ್ ನೆನೆಸಿಕೊಳ್ಳಿ. ಪೈಪಿನಲ್ಲಿರುವ ನೀರು ಎಟಿಪಿ, ಟ್ಯಾಂಕ್ ಫಾಸ್ಫೋಕ್ರಿಯಾಟಿನ್, ಮೋಟರ್ ಮೈಟೊಕಾಂಡ್ರಿಯಾ, ಅಂದರೆ ಜೀವಕೋಶದೊಳಗೆ ಆಮ್ಲಜನಕ ಬಳಸಿ ಶಕ್ತಿ ತಯಾರಿಸುವ ಭಾಗ. ನಲ್ಲಿಗಳೆಲ್ಲಾ ತೆರೆದಿರುವಾಗ ಟ್ಯಾಂಕಿನ ಮಟ್ಟ ನೋಡಿ ಮೋಟರ್ ಹೇಗಿದೆ ಅಂತ ಹೇಳಲು ಆಗಲ್ಲ. ನಲ್ಲಿ ಮುಚ್ಚಿ, ಟ್ಯಾಂಕ್ ಎಷ್ಟು ಬೇಗ ತುಂಬುತ್ತದೆ ನೋಡಿ. ಆರೋಗ್ಯವಂತರಲ್ಲಿ ಖಾಲಿಯಾದದ್ದರ ಮೂರರಲ್ಲಿ ಎರಡು ಪಾಲು ಸುಮಾರು ಅರ್ಧ ನಿಮಿಷದಲ್ಲಿ ವಾಪಸ್ ಬರುತ್ತದೆ. ದೂರದ ಓಟದವರಲ್ಲಿ ಇನ್ನೂ ಬೇಗ. ಮೈಟೊಕಾಂಡ್ರಿಯಾದ ಕಾಯಿಲೆ ಇದ್ದರೆ ನಿಧಾನ. ಕಾಲಿನ ರಕ್ತನಾಳ ಕಟ್ಟಿಕೊಂಡಿದ್ದರೂ ನಿಧಾನವೇ, ಬೋರ್‌ವೆಲ್‌ನಲ್ಲಿ ನೀರಿಲ್ಲದಿದ್ದರೆ ಮೋಟರ್ ಏನು ಮಾಡೀತು, ಅಲ್ವಾ? ಇನ್ನೊಂದು ಎಚ್ಚರ: ಆಮ್ಲ ಜಾಸ್ತಿಯಾದರೆ ಟ್ಯಾಂಕ್ ತುಂಬುವುದೂ ತಡವಾಗುತ್ತದೆ. ಆದ್ದರಿಂದ ಪೂರ್ತಿ ಸುಸ್ತಾಗುವ ತನಕ ಒತ್ತಿಸುವುದಿಲ್ಲ, ಟ್ಯಾಂಕ್ ಮೂರನೇ ಒಂದು ಪಾಲೋ ಅರ್ಧವೋ ಇಳಿದರೆ ಸಾಕು.

ಇದೆಲ್ಲಾ ಶುರುವಾದದ್ದು ಆಕ್ಸ್‌ಫರ್ಡ್‌ನಲ್ಲಿ. 1974ರಲ್ಲಿ ಅಲ್ಲಿನ ತಂಡ ಇಲಿಯ ಕಾಲಿನ ಸ್ನಾಯುವಿನಿಂದ ಈ ಮೊನೆಗಳನ್ನು ತೋರಿಸಿತು. 1981ರಲ್ಲಿ ಅಲ್ಲಿನ ವಿಜ್ಞಾನಿ ಜಾರ್ಜ್ ರಾಡ್ಡಾ ಅವರ ತಂಡ ಮ್ಯಾಕ್‌ಆರ್ಡಲ್ ಕಾಯಿಲೆಯ ರೋಗಿಯೊಬ್ಬರನ್ನು ಪರೀಕ್ಷಿಸಿತು. ಈ ಕಾಯಿಲೆ ಇರುವವರ ಸ್ನಾಯು ತನ್ನಲ್ಲಿರುವ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನನ್ನು ಒಡೆಯಲಾರದು, ಹಾಗಾಗಿ ಲ್ಯಾಕ್ಟಿಕ್ ಆಮ್ಲ ಆಗುವುದಿಲ್ಲ. ವ್ಯಾಯಾಮ ಮಾಡಿಸಿದರೂ ಪಿಎಚ್ ಇಳಿಯಲೇ ಇಲ್ಲ. ಸೂಜಿ ಹಾಕಿ ಮಾಂಸದ ಚೂರು ತೆಗೆಯದೆಯೇ ಅಷ್ಟು ಕಂಡುಬಂತು.

ಆಸ್ಪತ್ರೆಗೆ ಹೋಗಿ ಮಾಡಿಸಿಕೊಳ್ಳಬಹುದಾ ಅಂದರೆ, ಸಾಮಾನ್ಯವಾಗಿ ಆಗಲ್ಲ. ಹೆಚ್ಚಿನ ಯಂತ್ರಗಳಲ್ಲಿ ಫಾಸ್ಫರಸ್‌ಗೆ ಬೇಕಾದ ಕಾಯಿಲ್ ಇರುವುದಿಲ್ಲ, ಇದು ಬಹುಮಟ್ಟಿಗೆ ಸಂಶೋಧನೆಯಲ್ಲೇ ಬಳಕೆಯಲ್ಲಿದೆ. ಯಾವುದಾದರೂ ಸಂಶೋಧನೆಗೆ ಸ್ವಯಂಸೇವಕರಾಗಿ ಕರೆದರೆ ಖಂಡಿತ ಹೋಗಿ. ಪೇಸ್‌ಮೇಕರ್ ಇದ್ದರೆ, ಮೈಯಲ್ಲಿ ಎಲ್ಲಾದರೂ ಲೋಹ ಇದ್ದರೆ ಮೊದಲೇ ಹೇಳಿಬಿಡಿ. ಪೆಡಲ್ ಒತ್ತಿ ಮುಗಿದ ತಕ್ಷಣ ಎದ್ದುಬಿಡಬೇಡಿ, ಅಲುಗಾಡದೆ ಮಲಗಿರಿ. ಟ್ಯಾಂಕ್ ತುಂಬುವುದು ಆಗಲೇ.