ಸಂಗ್ರಾಹಕರ ಕಟ್ಟೆ: ಮೊದಲು ಬೆನ್ನು ತಿರುಗಿಸಿ ನೋಡಿ

ಪ್ರಶ್ನೆ: ನನ್ನ ಸೋದರಮಾವ ಹಡಗಿನ ಕೆಲಸದಲ್ಲಿದ್ದವರು. ಅವರು ತೀರಿಕೊಂಡ ಮೇಲೆ ಪೆಟ್ಟಿಗೆಯಲ್ಲಿ ಒಂದು ಬ್ಯಾಡ್ಜ್ ಸಿಕ್ಕಿತು. ಮೊಟ್ಟೆಯಾಕಾರ, ಸುತ್ತ ಎಲೆಗಳ ಮಾಲೆ, ನಡುವೆ ಸಬ್‌ಮರೀನ್, ಮೇಲೆ ಹದ್ದು, ಸ್ವಸ್ತಿಕ. ಹಿಂದೆ ‘ಶ್ವೆರೀನ್ ಬರ್ಲಿನ್ 68’ ಎಂದು ಉಂಟು. ಅಸಲಿಯೇ? ಎಷ್ಟು ಬಾಳೀತು?
– ಓದುಗರೊಬ್ಬರು, ಪಾಲಕುನ್ನು

ಉತ್ತರ: ಕೋಟಿಕುಳಂ, ಪಾಲಕುನ್ನು ಕಡೆಯಿಂದ ಇಂಥ ಪತ್ರ ಬಂದರೆ ನನಗೆ ಆಶ್ಚರ್ಯವಿಲ್ಲ. ಹಡಗಿಗೆ ಹೋದವರು ಒಬ್ಬರಾದರೂ ಇಲ್ಲದ ಕುಟುಂಬ ಅಲ್ಲಿ ಅಪರೂಪ. ಹ್ಯಾಂಬರ್ಗಿನಂಥ ಬಂದರಿನಲ್ಲಿ ಹಡಗು ನಿಂತಾಗ ಹಳೇ ಸಾಮಾನಿನ ಸಂತೆಯಲ್ಲಿ ಕೊಂಡಿರಬಹುದು.

ಇದು ಯು-ಬೋಟ್, ಅಂದರೆ ಜರ್ಮನ್ ಸಬ್‌ಮರೀನಿನವರ ಯುದ್ಧ ಬ್ಯಾಡ್ಜ್. 1918ರಲ್ಲಿ ಕೈಸರ್, ಅಂದರೆ ಜರ್ಮನ್ ಚಕ್ರವರ್ತಿಯ ಕಾಲದಲ್ಲಿ ಶುರುವಾದಾಗ ಮೇಲೆ ಹದ್ದಿನ ಬದಲು ಕಿರೀಟ ಇತ್ತು. ನಿಮ್ಮಲ್ಲಿರುವ ರೂಪ ಬಂದದ್ದು 1939ರ ಅಕ್ಟೋಬರ್ 13ಕ್ಕೆ. ಸಾಮಾನ್ಯವಾಗಿ ಎರಡು ಯುದ್ಧಯಾನ ಮುಗಿಸಿ ಜೀವಸಹಿತ ಬಂದವನಿಗೆ ಕೊಡುತ್ತಿದ್ದರು.

ಶ್ವೆರೀನ್ ಅಂದರೆ ಬ್ಯಾಡ್ಜ್ ತಯಾರಕರು, ಆ ಹೆಸರು ನೋಡಿ ಹಿಗ್ಗಬೇಡಿ. ನಕಲಿ ಮಾಡುವವರಿಗೂ ಮೊದಲು ನೆನಪಾಗುವುದು ಆ ಹೆಸರೇ. ಎದುರುಭಾಗ ಯಾರು ಬೇಕಾದರೂ ಚಂದ ಮಾಡಿಯಾರು. ಬ್ಯಾಡ್ಜನ್ನು ಮಗುಚಿ ಹಾಕಿ, ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿದು, ವಾಚ್ ರಿಪೇರಿಯವರ ಭೂತಗನ್ನಡಿಯಲ್ಲಿ ನೋಡಿ. ಅಚ್ಚಿನಲ್ಲಿ ಒತ್ತಿ ಮಾಡಿದ್ದಾದರೆ ಮೈ ನುಣುಪು, ಅಕ್ಷರದ ಅಂಚು ಚೂಪು. ಅಸಲಿಯಿಂದ ಅಚ್ಚು ತೆಗೆದು ಎರಕ ಹೊಯ್ದ ನಕಲಾದರೆ ನೀರುದೋಸೆಯ ಮೈಯಂತೆ ಸಣ್ಣ ಸಣ್ಣ ತೂತು ಕಾಣುತ್ತದೆ, ಅಕ್ಷರಗಳ ಮೂಲೆ ಸವೆದಂತಿರುತ್ತದೆ. ಲೋಹ ಆರುವಾಗ ಕುಗ್ಗುವುದರಿಂದ ಅಂಥ ನಕಲು ಅಸಲಿಗಿಂತ ಕೂದಲೆಳೆಯಷ್ಟು ಚಿಕ್ಕದೂ ಆಗಿರುತ್ತದೆ. ಅಸಲಿಯ ಅಗಲ ಸುಮಾರು 48 ಮಿಲಿಮೀಟರ್. ವರ್ನಿಯರ್ ಹಾಕಿ ಅಳೆಯಿರಿ. ದೋಣಿಗೂ ಮಾಲೆಗೂ ನಡುವಿನ ಖಾಲಿ ಜಾಗದ ಒಳ ಅಂಚನ್ನೂ ಬಿಡಬೇಡಿ, ನಕಲಿಯವರಿಗೆ ಅಲ್ಲಿ ಕೈಕೆಲಸ ಮಾಡುವ ತಾಳ್ಮೆ ಇರುವುದಿಲ್ಲ.

ಇನ್ನು ಲೋಹ. ಎರಡನೇ ಮಹಾಯುದ್ಧದ ಮೊದಲ ವರ್ಷಗಳಲ್ಲಿ ಟೊಂಬಾಕ್, ಅಂದರೆ ತಾಮ್ರ ಹೆಚ್ಚಿರುವ ಹಿತ್ತಾಳೆ. ಅದರ ಮೇಲಿನ ಚಿನ್ನದ ಲೇಪ ಈಗಲೂ ನಿಂತಿರುತ್ತದೆ. ಆಮೇಲೆ ತಾಮ್ರ ಯುದ್ಧಕ್ಕೇ ಬೇಕಾಯಿತು, ಬ್ಯಾಡ್ಜ್ ಸತುವಿಗೆ ಇಳಿಯಿತು. ಸತುವಿನ ಮೇಲಿನ ಹೊಳಪು ಮಾಸಿ ಬೂದು ಬಣ್ಣಕ್ಕೆ ಬಂದಿರುತ್ತದೆ. ಹಗುರವೂ ಆಗಿದ್ದು ಫಳಫಳ ಹೊಳೆದರೆ ನಾನಂತೂ ಸಂಶಯಪಡುತ್ತೇನೆ. ಅಯಸ್ಕಾಂತ ಹಿಡಿದಾಗ ಪಿನ್ ಅಂಟಿದರೆ ಗಾಬರಿ ಬೇಡ, ಪಿನ್ ಉಕ್ಕಿನದ್ದಿರಬಹುದು. ಬ್ಯಾಡ್ಜಿನ ಮೈಯೇ ಅಂಟಿದರೆ ಮಾತ್ರ ಅಲ್ಲಿಗೆ ಮುಗಿಯಿತು.

ಬೆಲೆ? ವಸ್ತು ಕೈಗೆ ಬಾರದೆ ಬೆಲೆ ಹೇಳುವ ಅಭ್ಯಾಸ ನನಗಿಲ್ಲ.

ಪ್ರಶ್ನೆ: ವಾಟ್ಸಾಪ್‌ನಲ್ಲಿ ಒಬ್ಬರು ಡಿಸ್ಟ್ರಾಯರ್, ಮೈನ್‌ಸ್ವೀಪರ್, ಯು-ಬೋಟ್ ಸೇರಿ ಆರು ಜರ್ಮನ್ ನೌಕಾ ಬ್ಯಾಡ್ಜುಗಳನ್ನು ವೆಲ್ವೆಟ್ ಪೆಟ್ಟಿಗೆಯೊಂದಿಗೆ 3,000 ರೂಪಾಯಿಗೆ ಕೊಡುತ್ತಾರಂತೆ. ತಗೊಳ್ಳಲೇ?
– ಓದುಗರೊಬ್ಬರು, ಹೊಸೂರು

ಉತ್ತರ: ಪೆಟ್ಟಿಗೆ ಚೆನ್ನಾಗಿದ್ದರೆ ಪೆಟ್ಟಿಗೆಗಾಗಿ ತಗೊಳ್ಳಿ. ಆರಕ್ಕೆ ಆರೂ ಒಂದೇ ಬಣ್ಣ, ಒಂದೇ ಪಿನ್, ಒಂದೇ ಹೊಳಪು ಇದ್ದೀತು ನೋಡಿ. ಅಸಲಿಗಳು ಬರ್ಲಿನ್, ವಿಯೆನ್ನಾ, ಲ್ಯೂಡೆನ್‌ಶೈಡ್ ಅಂತ ಬೇರೆ ಬೇರೆ ಊರಿನ ಕಾರ್ಖಾನೆಗಳಲ್ಲಿ ಆದವು.

ಪ್ರಶ್ನೆ: ಗೋವಾದಲ್ಲಿ ಸುಟ್ಟುಹೋದ ‘ಏರೆನ್‌ಫೆಲ್ಸ್’ ಹಡಗಿನ ನಾವಿಕನ ಅಂಗಿಯಿಂದ ಅದೇ ರಾತ್ರಿ ಬಿದ್ದದ್ದು ಎಂದು ಹೇಳಿ, ದುಂಡಗಿನ ಒಂದು ಬ್ಯಾಡ್ಜಿಗೆ ದೊಡ್ಡ ಮೊತ್ತ ಕೇಳುತ್ತಿದ್ದಾರೆ. ಹಡಗಿನ ಮೂತಿ ಸರಪಳಿ ಒಡೆಯುತ್ತಿರುವ ಚಿತ್ರ. ನಂಬಬಹುದೇ?
– ಓದುಗರೊಬ್ಬರು, ಮಂಜೇಶ್ವರ

ಉತ್ತರ: ಕಥೆಯ ಅರ್ಧಭಾಗ ನಿಜ, ಅದೇ ಅಪಾಯ. ಯುದ್ಧ ಶುರುವಾದಾಗ ಏರೆನ್‌ಫೆಲ್ಸ್ ಮತ್ತು ಇನ್ನೆರಡು ಜರ್ಮನ್ ಸರಕು ಹಡಗುಗಳು ಮರ್ಮಗೋವಾದಲ್ಲಿ ಆಶ್ರಯ ಪಡೆದವು. ಗೋವಾ ಪೋರ್ಚುಗೀಸರದ್ದು, ಪೋರ್ಚುಗಲ್ ತಟಸ್ಥ ದೇಶ. 1943ರ ಮಾರ್ಚ್ 9ರ ರಾತ್ರಿ ಕಲ್ಕತ್ತಾ ಲೈಟ್ ಹಾರ್ಸ್ ಎಂಬ ಬ್ರಿಟಿಷರ ಹವ್ಯಾಸಿ ದಳದವರು ಹೂಳೆತ್ತುವ ಕೆಲಸದ ‘ಫೀಬಿ’ ಎಂಬ ದೋಣಿಯಲ್ಲಿ ಬಂದು ಏರೆನ್‌ಫೆಲ್ಸ್ ಹತ್ತಿದರು. ಜರ್ಮನ್ನರು ತಮ್ಮ ಹಡಗುಗಳನ್ನು ತಾವೇ ಹಾಳುಗೆಡವಿ ಮುಳುಗಿಸಿದರು. ನಮ್ಮ ಕರಾವಳಿಯ ಇಷ್ಟು ಹತ್ತಿರ ಆ ಯುದ್ಧ ಬಂದದ್ದು ಅಪರೂಪ, ಹಾಗಾಗಿ ಈ ಹೆಸರು ಹೇಳಿದರೆ ಕೊಳ್ಳುವವನ ಕಿವಿ ನೆಟ್ಟಗಾಗುತ್ತದೆ.

ಈಗ ತಾರೀಕು ಹೊಂದಿಸಿ ನೋಡೋಣ. ನಿಮಗೆ ತೋರಿಸಿದ್ದು ಶತ್ರುಗಳ ಸಮುದ್ರ ದಿಗ್ಬಂಧನ ಭೇದಿಸಿ ಬಂದ ಹಡಗಿನವರಿಗೆ ಕೊಡುತ್ತಿದ್ದ ಬ್ಯಾಡ್ಜ್. ವಿನ್ಯಾಸ ಓಟೋ ಪ್ಲಾಚೆಕ್ ಎಂಬ ಬರ್ಲಿನ್ ಕಲಾವಿದನದ್ದು. ಅದು ಜಾರಿಗೆ ಬಂದದ್ದು 1941ರ ಏಪ್ರಿಲ್ 1ರಂದು. ಏರೆನ್‌ಫೆಲ್ಸ್ ಗೋವಾ ಸೇರಿದ್ದು 1939ರಲ್ಲಿ, ಆಮೇಲೆ ಅಲ್ಲಾಡಲೇ ಇಲ್ಲ. ಬರ್ಲಿನ್ನಿನಲ್ಲಿ ಹುಟ್ಟಿದ ಬ್ಯಾಡ್ಜ್, ಬ್ರಿಟಿಷರ ಕಾವಲಿನ ಸಮುದ್ರ ದಾಟಿ ಲಂಗರು ಹಾಕಿ ಕೂತ ನಾವಿಕನ ಅಂಗಿಗೆ ಹೇಗೆ ಬಂತು ಮಾರಾಯ್ರೆ? ಮಾರುವವರನ್ನು ಇದೊಂದೇ ಕೇಳಿ.

ಬ್ಯಾಡ್ಜ್ ಮಾತ್ರ ಅಸಲಿಯೇ ಆಗಿರಬಹುದು. ಅದನ್ನು ಪ್ರತ್ಯೇಕವಾಗಿ ನೋಡಿ: ಹಡಗು ಗಾಢ ಬೂದು, ಅದರ ಮೂತಿಯ ಹದ್ದು ಬೆಳ್ಳಿ ಬಣ್ಣ. ಇದರ ಅರ್ಧ ಗಾತ್ರದ ಇನ್ನೊಂದನ್ನು ಸಾದಾ ಕೋಟಿಗೆ ಹಾಕಲು ಕೊಡುತ್ತಿದ್ದರು. ಜೋಡಿ ಇದ್ದರೆ ಬೇರೆ ಮಾತು. ಕೊಡುವುದಾದರೆ ಲೋಹಕ್ಕೆ ದುಡ್ಡು ಕೊಡಿ, ಏರೆನ್‌ಫೆಲ್ಸಿಗೆ ಒಂದು ರೂಪಾಯಿಯೂ ಬೇಡ. ಆ ನಾವಿಕನ ಹೆಸರಿರುವ, ಆ ಕಾಲದ ಪ್ರಶಸ್ತಿ ಪತ್ರ ತೋರಿಸಿದರೆ ಮತ್ತೆ ಬರೆಯಿರಿ.

ಪ್ರಶ್ನೆ: ನಾಜಿಗಳ ವಸ್ತು ಇಟ್ಟುಕೊಳ್ಳುವುದು ತಪ್ಪಲ್ಲವೇ? ಮನೆಯಲ್ಲಿ ಹೆಂಡತಿ, ಮಗಳು ಇಬ್ಬರೂ ಜಗಳ ತೆಗೆದಿದ್ದಾರೆ.
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಜಗಳ ತೆಗೆದವರ ಪಕ್ಷದಲ್ಲಿ ಅರ್ಧ ನಾನೂ ಇದ್ದೇನೆ. ಯು-ಬೋಟಿಗೆ ಹೋದ ಸುಮಾರು 40,000 ಮಂದಿಯಲ್ಲಿ 30,000ದಷ್ಟು ಜನ ವಾಪಸು ಬರಲಿಲ್ಲ. ಅವರು ಮುಳುಗಿಸಿದ ಸರಕು ಹಡಗುಗಳಲ್ಲಿ ನಮ್ಮ ದೇಶದ ಲಸ್ಕರ್‌ಗಳೂ, ಅಂದರೆ ಹಡಗಿನ ಕೂಲಿ ನಾವಿಕರೂ, ಸತ್ತರು, ಅವರಿಗೆ ಯಾರೂ ಬ್ಯಾಡ್ಜ್ ಹಾಕಲಿಲ್ಲ. ಇದನ್ನೆಲ್ಲ ತಿಳಿಯಲು ಇಟ್ಟುಕೊಳ್ಳುವುದು ಬೇರೆ, ಷರ್ಟಿಗೆ ಚುಚ್ಚಿಕೊಂಡು ಫೋಟೋ ಹಾಕುವುದು ಬೇರೆ. ಎರಡನೆಯದು ಮಾಡುವವರ ಪತ್ರಕ್ಕೆ ಇಲ್ಲಿ ಉತ್ತರ ಇಲ್ಲ.

ಜರ್ಮನಿಯಲ್ಲೇ ಸ್ವಸ್ತಿಕವನ್ನು ಸಾರ್ವಜನಿಕವಾಗಿ ಪ್ರದರ್ಶಿಸುವುದು ಅಪರಾಧ. 1957ರ ಕಾನೂನು ಹಳೇ ಸೈನಿಕರಿಗೆ ಸ್ವಸ್ತಿಕ ತೆಗೆದ ಹೊಸ ರೂಪವನ್ನಷ್ಟೇ ಧರಿಸಲು ಬಿಟ್ಟಿತು. ಆ 57ರ ಬ್ಯಾಡ್ಜುಗಳನ್ನೇ ಸಂಗ್ರಹಿಸುವವರೂ ಇದ್ದಾರೆ. ಅಗ್ಗ, ಮನೆಯಲ್ಲಿ ಜಗಳವೂ ಕಮ್ಮಿ. ನೋಡಿ.

ಪ್ರಶ್ನೆ: ಸತುವಿನ ಬ್ಯಾಡ್ಜಿನ ಮೇಲೆ ಮಳೆಗಾಲದಲ್ಲಿ ಬಿಳಿ ಪುಡಿ ಬಂದಿದೆ. ಹುಣಸೆಹಣ್ಣಿನಲ್ಲಿ ತಿಕ್ಕಲೇ, ಪೀತಾಂಬರಿ ಹಾಕಲೇ?
– ಓದುಗರೊಬ್ಬರು, ಪೆರ್ಲ

ಉತ್ತರ: ಎರಡೂ ಬೇಡ! ಹುಣಸೆಯ ಹುಳಿ ಸತುವನ್ನು ತಿನ್ನುತ್ತದೆ, ಪುಡಿ ಹಾಕಿ ತಿಕ್ಕಿದರೆ ಉಳಿದ ಲೇಪವೂ ಹೋಗುತ್ತದೆ. ಮೆತ್ತಗಿನ ಒಣ ಬ್ರಷ್‌ನಲ್ಲಿ ಪುಡಿಯನ್ನು ಉದುರಿಸಿ, ಅಷ್ಟೇ. ಮರದ ಕಪಾಟಿನೊಳಗೆ ಇಡಬೇಡಿ, ಮರದಿಂದ ಹೊರಡುವ ಆಮ್ಲದ ಆವಿಗೂ ಸತು ಹಾಳಾಗುತ್ತದೆ. ನಾಣ್ಯದವರು ಕೊಡುವ ಮೆತ್ತಗಿನ ಪಿವಿಸಿ ಲಕೋಟೆಯೂ ಬೇಡ. ಗಾಳಿಯಾಡದ ಗಟ್ಟಿ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ. ಜೂನಿನಿಂದ ಸೆಪ್ಟೆಂಬರ್ ತನಕ ಪೊಟ್ಟಣವನ್ನು ಆಗಾಗ ಬದಲಿಸುತ್ತಿರಿ. ಮುಟ್ಟುವಾಗ ಅಂಚು ಹಿಡಿಯಿರಿ, ಬೆವರಿನ ಕೈಯಲ್ಲಿ ಬೇಡ.